ಮೂವತ್ತೊಂದನೇ ತಾರೀಕಿನ ಏಕಾದಶಿ

ಗ್ರಂಥಾಲಯದ ಮೇಲ್ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. 'ಸಾಹಿತ್ಯದಲ್ಲಿ ಒಡೆದ ಮನೆಗಳು' ಅಂತ ವಿಷಯ ಕೊಟ್ಟಿದ್ದರು. ಅರ್ಧ ಗಂಟೆ ಸಾಕು ಅಂದುಕೊಂಡು ಹೋದವನು ಒಂದೂಕಾಲು ಗಂಟೆ ತಗೊಂಡೆ. ನಡುವೆ ಕರೆಂಟ್ ಹೋಗಿ ಮೈಕ್ ಕೈಕೊಟ್ಟಿತು. ಆಮೇಲಿನದು ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ ಅಂತ ದೂರು ಬಂತು. ಅದಕ್ಕೇ ಕೂತು ಬರೆದಿದ್ದೇನೆ. ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಜೋಕು ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪುಸ್ತಕಗಳಿಗೆ ಬರುವ ಮುಂಚೆ ನಮ್ಮ ಮನೆಯ ಲೆಕ್ಕ ಒಂದನ್ನು ಹೇಳಿಬಿಡುತ್ತೇನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಪಾಲಾಯಿತು. ನಡುಮನೆಗೆ ಅಡ್ಡ ಗೋಡೆ ಬಂತು. ಆಚೆ ದೊಡ್ಡಪ್ಪ, ಈಚೆ ನಾವು. ತೋಟ, ಗದ್ದೆ, ಹಂಡೆ, ಕೊಪ್ಪರಿಗೆ ಎಲ್ಲ ಹಂಚಿ ಆಯಿತು. ಉಳಿದದ್ದು ಎರಡೇ. ಹಿತ್ತಲಿನ ಒರಳುಕಲ್ಲು, ಮತ್ತೆ ಅಜ್ಜಿ. ಒರಳುಕಲ್ಲನ್ನು ಕೀಳುವುದಕ್ಕೆ ಆಗಲಿಲ್ಲ, ಇಬ್ಬರೂ ರುಬ್ಬಿಕೊಳ್ಳಲಿ ಅಂತ ಬಿಟ್ಟರು. ಅಜ್ಜಿಗೆ ಪಾಳಿ ಹಾಕಿದರು. 1ರಿಂದ 15ರವರೆಗೆ ನಮ್ಮಲ್ಲಿ ಊಟ. 16ರಿಂದ 30ರವರೆಗೆ ದೊಡ್ಡಪ್ಪನಲ್ಲಿ.

ಪಂಚಾಯ್ತಿಗೆ ಕೂತ ಹಿರಿಯರಲ್ಲಿ ಒಬ್ಬರಿಗೂ ಕ್ಯಾಲೆಂಡರ್ ನೆನಪಾಗಲಿಲ್ಲ. ವರ್ಷದಲ್ಲಿ ಏಳು ತಿಂಗಳಿಗೆ 31 ದಿನ ಇರುತ್ತವಲ್ಲ, ಆ ಏಳು ದಿನ ಅಜ್ಜಿ ಎಲ್ಲಿ ಉಣ್ಣಬೇಕು? ಫೆಬ್ರವರಿಯಲ್ಲಿ ನಿಮಗೆ ಎರಡು ದಿನ ಉಳಿಯುತ್ತಲ್ಲ, ಹಾಗಾಗಿ 31 ನಿಮ್ಮದು ಅಂತ ನಮ್ಮಪ್ಪ. ಪಾಲುಪಟ್ಟಿಯಲ್ಲಿ ಹಾಗೇನೂ ಬರೆದಿಲ್ಲ ಅಂತ ದೊಡ್ಡಪ್ಪ. ಕೊನೆಗೆ ಅಜ್ಜಿಯೇ ಬಗೆಹರಿಸಿದಳು. 31ನೇ ತಾರೀಕು ಬೆಳಗ್ಗೆ ಸ್ನಾನ ಮಾಡಿ ಬಂದು, "ಇವತ್ತು ನಂಗೆ ಏಕಾದಶಿ ಕಣ್ರೋ" ಅನ್ನುತ್ತಿದ್ದಳು. ಪಂಚಾಂಗದಲ್ಲಿ ಏಕಾದಶಿ ತಿಂಗಳಿಗೆ ಎರಡು. ನಮ್ಮಜ್ಜಿಗೆ ಕೆಲವು ತಿಂಗಳು ಮೂರು.

ಇದನ್ನು ಯಾಕೆ ಹೇಳಿದೆ ಅಂದರೆ, ಇಷ್ಟು ವರ್ಷ ಕಥೆ ಕಾದಂಬರಿ ಓದಿ ನನಗೊಂದು ಅನುಮಾನ ಗಟ್ಟಿಯಾಗಿದೆ. ಜಗಳಕ್ಕೆ ಮನೆ ಒಡೆಯುವುದು ಕಮ್ಮಿ. ಹೇಳಬೇಕಾದ ಮಾತನ್ನು ಯಾರೋ ನುಂಗಿಕೊಂಡಾಗ ಬಿರುಕು ಬೀಳುತ್ತದೆ. ಇನ್ನೊಂದು ವಿಚಿತ್ರ ಇದೆ. ನುಂಗಿದ ಆ ಮಾತನ್ನು ನಮ್ಮ ಕಥೆಗಳಲ್ಲಿ ಕೊನೆಗೆ ಆಡುವವರು ರಕ್ತಸಂಬಂಧಿಗಳಲ್ಲ. ಹೊರಗಿನವರು. ಗೆಳತಿ, ಬೇರೆ ಮನೆಯಿಂದ ಬಂದ ಸೊಸೆ, ಊರೂರು ತಿರುಗುವ ಅಯ್ಯ. ಒಂದೊಂದು ಸಲ ದೀಪ.

ದೀಪದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರುಗಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಿನ ಹಾಗಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನು ನೋಡಿದ. ಯಾರದ್ದು ಇದು? ಗೊತ್ತಿಲ್ಲ ಅಂದಳು. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ಜಗಳವಾಯಿತು. ಅವನು ಕಂಬಳಿ ತಗೊಂಡು ಹನುಮಂತನ ಗುಡಿಗೆ ಮಲಗಲು ಹೋದ.

ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಆ ದೀಪದ ಕುಡಿಗಳೆಲ್ಲ ರಾತ್ರಿ ಅದೇ ಗುಡಿಗೆ ಬಂದು ಹರಟೆ ಹೊಡೆಯುತ್ತವಂತೆ. ಅವತ್ತು ಒಂದು ದೀಪ ತಡವಾಗಿ ಬಂತು. ಯಾಕೆ ಅಂತ ಉಳಿದವು ಕೇಳಿದವು. ನಮ್ಮನೇಲಿ ಗಂಡ ಹೆಂಡತಿ ಜಗಳ, ಮಲಗುವುದು ತಡವಾಯಿತು ಅಂತ ಅದು ಜೋಡು, ಕೋಟಿನ ಗುಟ್ಟನ್ನು ಹೇಳಿತು. ಗಂಡ ಕೇಳಿಸಿಕೊಂಡ. ಮನೆಗೆ ಹೋಗಿ ನಿನ್ನ ಕಥೆ, ನಿನ್ನ ಹಾಡು ಏನು ಅಂತ ಕೇಳಿದರೆ ಹೆಂಡತಿ, "ಯಾವ ಕಥೆ? ಯಾವ ಹಾಡು?" ಅಂದಳು. ಅಷ್ಟೊತ್ತಿಗೆ ಅವಳಿಗೆ ಮರೆತೇ ಹೋಗಿತ್ತು.

ಗಿರೀಶ ಕಾರ್ನಾಡರು 'ನಾಗಮಂಡಲ'ದ ಶುರುವಿಗೆ ಈ ದೀಪಗಳನ್ನೇ ತಂದು ಕೂರಿಸಿದರು. ಅದೂ ಗಂಡ ಹೆಂಡತಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಹೋಗುವ ಸಂಸಾರದ ನಾಟಕ.

ಈಗ 'ಕೆರೆಗೆ ಹಾರ' ಅನ್ನುವ ಜನಪದ ಹಾಡಿಗೆ ಬರೋಣ. ಹಾರ ಅಂದರೆ ಇಲ್ಲಿ ಬಲಿ. ನಾವೆಲ್ಲ ಶಾಲೆಯಲ್ಲಿ ಇದನ್ನು ತ್ಯಾಗದ ಕಥೆ ಅಂತ ಓದಿದವರು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಸೊಸೆಯನ್ನು ಬಲಿ ಕೊಡಬೇಕು ಅಂತಾಗುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು? ಹಾಗಾಗಿ ಕಿರಿಸೊಸೆ ಭಾಗೀರತಿ. ಗಂಡ ಮಾದೇವರಾಯ ದಂಡಿಗೆ ಹೋಗಿದ್ದಾನೆ, ಕೇಳುವವರಿಲ್ಲ. ಟೀಚರು ಇದನ್ನು ಹಾಡಿ ಕಣ್ಣೀರು ಹಾಕಿಸುತ್ತಿದ್ದರು. ಊರಿಗಾಗಿ ಪ್ರಾಣ ಕೊಟ್ಟ ಮಹಾತಾಯಿ ಅಂತ ನೋಟ್ಸ್ ಬರೆಸುತ್ತಿದ್ದರು.

ದೊಡ್ಡವನಾದ ಮೇಲೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಲಿಯ ಭಾಗ ಅಲ್ಲ. ಅದಕ್ಕಿಂತ ಮುಂಚಿನದು. ತನಗೆ ಏನು ಕಾದಿದೆ ಅಂತ ಭಾಗೀರತಿಗೆ ಗೊತ್ತಾಗಿದೆ. ತವರಿಗೆ ಹೋಗುತ್ತಾಳೆ. ಮುಖ ಯಾಕೆ ಸಣ್ಣಗಾಗಿದೆ ಅಂತ ಅಪ್ಪ ಕೇಳುತ್ತಾನೆ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅಂತ ಹೇಳುತ್ತಾಳೆ. ಬೇರೆ ಇಡುವುದು ಅಂದರೆ ನಮ್ಮ ಮನೆಯ ಹಾಗೆ ಅಡ್ಡ ಗೋಡೆ. ಅಪ್ಪನಿಗೆ ಸಮಾಧಾನ. ಅಷ್ಟೇ ತಾನೆ, ಹೊಲಮನೆ ನಾನು ಕೊಡುತ್ತೇನೆ ಅನ್ನುತ್ತಾನೆ. ನಿನ್ನ ಹೊಲಮನೆಗೆ ಬೆಂಕಿ ಹಾಕು ಅನ್ನುವ ಅರ್ಥದ ಮಾತು ಅವಳ ಬಾಯಿಂದ ಬರುತ್ತದೆ. ಯೋಚನೆ ಮಾಡಿ. ಸಾವು ಎದುರಿಗಿದೆ, ಹೆತ್ತ ಅಪ್ಪ ಮುಂದೆ ನಿಂತಿದ್ದಾನೆ, ಅವಳು ನಿಜ ಹೇಳುವುದಿಲ್ಲ. ಮನೆಯ ಉಳಿದವರಿಗೂ ಹೇಳುವುದಿಲ್ಲ.

ಗೆಳತಿಗೆ ಹೇಳುತ್ತಾಳೆ. ನನ್ನನ್ನು ಕೆರೆಗೆ ಹಾರ ಕೊಡುತ್ತಾರಂತೆ ಅಂತ. ಗೆಳತಿಯ ಉತ್ತರ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. "ಕೊಟ್ಟರ ಕೊಡಲೇಳು, ಇಟ್ಟಾಂಗ ಇರಬೇಕು." ಇಟ್ಟ ಹಾಗೆ ಇರಬೇಕು. ಎಷ್ಟು ಸಣ್ಣ ಮಾತು. ನೂರಾರು ವರ್ಷ ನಮ್ಮ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಂಡು ಬಂದದ್ದೆಲ್ಲ ಇದರೊಳಗಿದೆ. ಇದರಲ್ಲಿ ಸಮಾಧಾನ ಇದೆಯೋ ಸಿಟ್ಟಿದೆಯೋ ಹೇಳುವುದು ಕಷ್ಟ. ಹಾಡುವವರ ದನಿಯ ಮೇಲೆ ಹೋಗುತ್ತೆ.

ಆಮೇಲೆ ಪೂಜೆ ಮುಗಿಸಿ ಎಲ್ಲರೂ ವಾಪಸು ಬರುವಾಗ ಬಂಗಾರದ ಬಟ್ಟಲನ್ನು ಬೇಕಂತಲೇ ಅಲ್ಲೇ ಬಿಟ್ಟು, ತರಲು ಭಾಗೀರತಿಯನ್ನು ಕಳಿಸುತ್ತಾರೆ. ಅವಳು ಒಂದೊಂದು ಮೆಟ್ಟಿಲು ಏರಿದ ಹಾಗೆ ನೀರೂ ಏರುತ್ತದೆ. ಆ ಭಾಗ ನಿಮಗೆಲ್ಲ ಬಾಯಿಪಾಠ ಇರುತ್ತೆ. ನನಗೆ ಬೇಕಾದದ್ದು ಅದರ ಮುಂದಿನದು. ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ. ಹೆಂಡತಿ ಎಲ್ಲಿ? ತವರಿಗೆ ಹೋಗಿದ್ದಾಳೆ ಅಂತ ಮನೆಯವರು. ತವರಿಗೆ ಹೋದರೆ ಗೆಳತಿಯ ಮನೆಗೆ ಹೋಗಿದ್ದಾಳೆ ಅಂತ ಅವರು. ಎರಡು ಮನೆ, ಒಂದು ಗಂಡಿನದ್ದು, ಒಂದು ಹೆಣ್ಣಿನದ್ದು. ಎರಡು ಕಡೆಯೂ ನಿಜ ಸಿಗುವುದಿಲ್ಲ. ಗೆಳತಿ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಅವನು ಹೋಗಿ ಅದೇ ಕೆರೆಗೆ ಬೀಳುತ್ತಾನೆ.

ನಮ್ಮ ಟೀಚರ ನೋಟ್ಸಿನಲ್ಲಿ ಗೆಳತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಿಂದಿನ ಕಾಲದಲ್ಲಿ ಸಂಸಾರಗಳು ಚೆನ್ನಾಗಿದ್ವು, ಈಗಿನ ಟೀವಿ ಸೀರಿಯಲ್ಲು ಎಲ್ಲ ಕೆಡಿಸಿತು ಅನ್ನುವವರು ಪ್ರತಿ ಸಭೆಯಲ್ಲೂ ಇಬ್ಬರಾದರೂ ಇರುತ್ತಾರೆ. ಅವರಿಗೆ ಜನ್ನನ 'ಯಶೋಧರ ಚರಿತೆ' ಕೊಡಬೇಕು. 1209ರದ್ದು. ರಾಣಿ ಅಮೃತಮತಿ ರಾತ್ರಿ ಗಂಡನ ಪಕ್ಕ ಮಲಗಿದ್ದಾಗ ಆನೆಯ ಮಾವುತನ ಹಾಡು ಕೇಳಿಸುತ್ತದೆ. ಆ ದನಿಗೆ ಸೋಲುತ್ತಾಳೆ. ಅಷ್ಟಾವಂಕ ಅಂತ ಅವನ ಹೆಸರು, ಮೈಯೆಲ್ಲ ಸೊಟ್ಟ. ಗಂಡ ಯಶೋಧರ ಒಂದು ರಾತ್ರಿ ಹಿಂಬಾಲಿಸಿ ಹೋಗಿ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತುತ್ತಾನೆ, ಹೊಡೆಯುವುದಿಲ್ಲ. ವಾಪಸು ಬಂದು ಮಲಗುತ್ತಾನೆ.

ಮಾರನೇ ದಿನ ಏನು ಮಾಡಿದ? ಹೆಂಡತಿಯನ್ನು ನೇರವಾಗಿ ಕೇಳಲಿಲ್ಲ. ಸರಸ ಮಾಡುವವನ ಹಾಗೆ ನೈದಿಲೆ ಹೂವಿನಿಂದ ಮೆಲ್ಲಗೆ ಹೊಡೆದ. ಅವಳು ಪೆಟ್ಟು ಬಿದ್ದವಳ ಹಾಗೆ ಕುಸಿದಳು. ಅವನಿಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಾಯಿತು. ಬಾಯಲ್ಲಿ ಮಾತ್ರ ಇಬ್ಬರೂ ಹೇಳಲಿಲ್ಲ. ಅಮ್ಮ ಚಂದ್ರಮತಿ, ಯಾಕಪ್ಪ ಸಪ್ಪಗಿದ್ದೀಯ ಅಂದಾಗ ಕೆಟ್ಟ ಕನಸು ಬಿತ್ತು ಅಂದ. ಅಲ್ಲಿಂದ ಎಲ್ಲ ಶುರು. ಕೆಟ್ಟ ಕನಸಿಗೆ ದೇವಿಗೆ ಬಲಿ ಕೊಡು ಅಂತ ಅಮ್ಮ. ನಾನು ಪ್ರಾಣಿ ಕೊಲ್ಲುವುದಿಲ್ಲ ಅಂತ ಮಗ. ಹಿಟ್ಟಿನ ಕೋಳಿ ಮಾಡಿ ಕಡಿಯೋಣ ಅಂತ ರಾಜಿ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಆಮೇಲೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ತಾಯಿ ಮಗ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆಯುತ್ತಾರೆ.

ಜನ್ನ ಜೈನ ಕವಿ. ಮನಸ್ಸಿನಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಅಂತ ಹೇಳಲು ಈ ಕಾವ್ಯ ಬರೆದ. ಪಂಡಿತರು ಅದನ್ನೇ ಹೇಳುತ್ತಾರೆ, ಅವರು ಹೇಳುವುದು ಸರಿ. ನಾನು ಮಾತ್ರ ಪ್ರತಿ ಸಲ ಓದುವಾಗಲೂ ಆ ಕನಸಿನ ಸುಳ್ಳಿನ ಹತ್ತಿರ ನಿಂತುಬಿಡುತ್ತೇನೆ. ಅಮ್ಮ, ನನ್ನ ಹೆಂಡತಿ ಹೀಗೆ ಮಾಡಿದಳು ಅಂತ ಒಂದು ಮಾತು ಬಾಯಿಂದ ಬಂದಿದ್ದರೆ ಆ ಹಿಟ್ಟನ್ನು ಯಾರೂ ನಾದುತ್ತಿರಲಿಲ್ಲ.

ಹೊಸಗನ್ನಡಕ್ಕೆ ಬಂದರೆ ಶಿವರಾಮ ಕಾರಂತರು. 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಕಥೆ, ಕರಾವಳಿಯ ಕೋಡಿ ಅನ್ನುವ ಹಳ್ಳಿ. ರಾಮ ಐತಾಳರಿಗೆ ಮಕ್ಕಳಿಲ್ಲ. ಹೆಂಡತಿ ಪಾರ್ವತಿಯನ್ನು ಒಂದು ಮಾತು ಕೇಳದೆ ಸತ್ಯಭಾಮೆಯನ್ನು ಎರಡನೇ ಮದುವೆ ಆಗುತ್ತಾರೆ. ಪಾರ್ವತಿ ಅಳುವವಳೇ ಹೊರತು ಕೇಳುವವಳಲ್ಲ. ಅವಳ ಪರವಾಗಿ ಸಿಡಿದು ಮಾತಾಡುವವಳು ಐತಾಳರ ತಂಗಿ ಸರಸೋತಿ, ಗಂಡ ಸತ್ತು ಅಣ್ಣನ ಮನೆಯಲ್ಲಿರುವವಳು. ಇಲ್ಲಿ ನನ್ನ 'ಹೊರಗಿನವರು' ಅನ್ನುವ ಲೆಕ್ಕ ಸ್ವಲ್ಪ ತಪ್ಪುತ್ತದೆ, ಸರಸೋತಿ ಆ ಮನೆಯ ಮಗಳೇ. ಆದರೆ ಮದುವೆಯಾಗಿ ಹೋದ ಮಗಳು ವಾಪಸು ಬಂದರೆ ನಮ್ಮ ಮನೆಗಳಲ್ಲಿ ಅವಳು ಒಳಗಿನವಳೋ ಹೊರಗಿನವಳೋ? ನೀವೇ ಹೇಳಿ.

ಎರಡನೇ ಹೆಂಡತಿಯಲ್ಲಿ ಹುಟ್ಟಿದ ಲಚ್ಚ ಮುದ್ದಿನಲ್ಲಿ ಬೆಳೆದು ಪೇಟೆ ಸೇರಿ ಕೆಡುತ್ತಾನೆ. ಕಟ್ಟಿಕೊಂಡ ನಾಗವೇಣಿಗೆ ರೋಗ ಅಂಟಿಸುತ್ತಾನೆ. ಆಗ ಐತಾಳರು ಒಂದು ಕೆಲಸ ಮಾಡುತ್ತಾರೆ, ಆ ಕಾಲಕ್ಕೆ ಸಣ್ಣದಲ್ಲ. ಆಸ್ತಿಯನ್ನು ಮಗನಿಗೆ ಬಿಟ್ಟು ಸೊಸೆಯ ಹೆಸರಿಗೆ ಬರೆಯುತ್ತಾರೆ. ನನ್ನ ಮಗ ಸರಿಯಿಲ್ಲ ಅಂತ ಆ ಮುದುಕ ಬಾಯಿಬಿಟ್ಟು ಊರಿಗೆಲ್ಲ ಹೇಳಲಾರರು. ಪತ್ರದಲ್ಲಿ ಹೇಳಿದರು.

ಪತ್ರ ಅಂದಾಗ ಒಂದು ಮಾತು ನೆನಪಾಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆವತ್ತಿಂದ ಸಬ್ ರಿಜಿಸ್ಟ್ರಾರ್ ಆಫೀಸುಗಳಲ್ಲಿ ಹಕ್ಕು ಬಿಡುಗಡೆ ಪತ್ರಗಳು ಬೀಳುತ್ತಲೇ ಇವೆ. ಅಣ್ಣ ಕಾರು ಮಾಡಿಕೊಂಡು ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ. ಅರಿಶಿನ ಕುಂಕುಮಕ್ಕೆ ಅಂತ ಸೀರೆ, ಒಂದಿಷ್ಟು ದುಡ್ಡು. ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಹೋಟೆಲಲ್ಲಿ ಮಸಾಲೆದೋಸೆ ಕೊಡಿಸಿ ವಾಪಸು ಬಿಡುತ್ತಾನೆ. ಆ ಮಸಾಲೆದೋಸೆಯನ್ನು ಸರಿಯಾಗಿ ಬರೆದ ಕಾದಂಬರಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಇಲ್ಲಿ ಬರೆಯುವ ಹುಡುಗರು ಇದ್ದೀರಿ, ಸುಮ್ನೆ ಹೇಳಿದೆ.

ಕಾರ್ನಾಡರ 'ಯಯಾತಿ'ಯನ್ನು ಬೇಗ ಮುಗಿಸುತ್ತೇನೆ. ಅಪ್ಪನಿಗೆ ಬಂದ ಮುಪ್ಪನ್ನು ಮಗ ಪುರು ತಗೊಳ್ಳುವ ಪುರಾಣದ ಕಥೆ ಗೊತ್ತಲ್ಲ. ಕಾರ್ನಾಡರು ಇದನ್ನು ಬರೆದದ್ದು ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡ್‌ಗೆ ಹೊರಡುವ ಮುಂಚೆ. ಹುಡುಗ ಹೋದವನು ವಾಪಸು ಬರುತ್ತಾನೋ ಇಲ್ಲವೋ ಅಂತ ಮನೆಯಲ್ಲಿ ಆತಂಕ. ದೊಡ್ಡವರ ಆಸೆಗೆ ತನ್ನ ವಯಸ್ಸನ್ನು ಒತ್ತೆ ಇಡಬೇಕಾ ಅನ್ನುವ ತನ್ನದೇ ಸಿಟ್ಟು ಪುರಾಣದ ವೇಷ ಹಾಕಿ ಬಂದಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ನಾಟಕದಲ್ಲಿ ಪುರಾಣದಲ್ಲಿಲ್ಲದ ಒಬ್ಬಳಿದ್ದಾಳೆ. ಪುರುವಿನ ಹೆಂಡತಿ ಚಿತ್ರಲೇಖೆ, ಆಗತಾನೇ ಮನೆಗೆ ಬಂದವಳು. ಅಪ್ಪ ಮಗ ತಮ್ಮೊಳಗೇ ಕೊಡುಕೊಳ್ಳುವುದು ಮಾಡಿಕೊಂಡರಲ್ಲ, ನನ್ನನ್ನು ಯಾರು ಕೇಳಿದರು ಅನ್ನುವ ಪ್ರಶ್ನೆ ಅವಳದ್ದು. ಅದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಅವಳು ಪ್ರಾಣ ಬಿಡುತ್ತಾಳೆ. ಮತ್ತೆ ಸೊಸೆ, ನೋಡಿ.

ತ್ರಿವೇಣಿಯವರ 'ಶರಪಂಜರ'ದ ಕಾವೇರಿಯೂ ಸೊಸೆಯೇ. ಬಾಣಂತನದ ಹೊತ್ತಿಗೆ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು ಅವಳನ್ನು ಹೊರಗೆ ಹಾಕುವುದಿಲ್ಲ. ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಾರೆ, ಅಷ್ಟೇ. ಪುಟ್ಟಣ್ಣನವರ ಸಿನಿಮಾ ನೋಡಿದವರಿಗೆ ಕಲ್ಪನಾ ಕೂಗಾಡುವುದು ನೆನಪಿರುತ್ತೆ. ನನ್ನನ್ನು ಕೇಳಿದರೆ ಅದಕ್ಕಿಂತ ಭಯ ಹುಟ್ಟಿಸುವುದು ಆ ಪಿಸುಮಾತು.

ಈಗ ನನ್ನ ಥಿಯರಿಗೆ ಸರಿಯಾಗಿ ಪೆಟ್ಟು ಕೊಡುವ ಪುಸ್ತಕ. ಎಸ್.ಎಲ್. ಭೈರಪ್ಪನವರ 'ಗೃಹಭಂಗ', 1970ರದ್ದು. ಹೆಸರಲ್ಲೇ ಮನೆ ಮುರಿದಿದೆ. ಈ ಮನೆಯಲ್ಲಿ ಯಾರೂ ಏನನ್ನೂ ನುಂಗಿಕೊಳ್ಳುವುದಿಲ್ಲ. ಅತ್ತೆ ಗಂಗಮ್ಮ ಬಾಯಿ ತೆರೆದರೆ ಬೈಗುಳ. ಹೆತ್ತ ಮಕ್ಕಳಿಗೂ ಬೈಗುಳ, ಮಕ್ಕಳು ವಾಪಸು ಅವಳಿಗೂ ಬೈಗುಳ. ಎಲ್ಲ ಮಾತೂ ಬೀದಿಗೆ ಕೇಳುವ ಹಾಗೆ. ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಮೈಗಳ್ಳ. ಶಾನುಭೋಗಿಕೆ ಅವನ ಹೆಸರಿನಲ್ಲಿದೆ, ಲೆಕ್ಕ ಬರೆಯುವವಳು ನಂಜಮ್ಮ.

ನಂಜಮ್ಮ ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆದು ಕೂತು ಬರೆಯುವುದನ್ನು ಭೈರಪ್ಪ ಎಷ್ಟು ನಿಧಾನವಾಗಿ ತೋರಿಸುತ್ತಾರೆ ಅಂದರೆ ನಮಗೂ ಬೆನ್ನು ನೋವು ಬರಬೇಕು. ಮುತ್ತುಗದ ಎಲೆ ತಂದು, ಒಣಗಿಸಿ, ಊಟದೆಲೆ ಹಚ್ಚಿ ಮಾರುತ್ತಾಳೆ. ಕೈ ಒಂದು ನಿಮಿಷ ಸುಮ್ಮನಿರುವುದಿಲ್ಲ. ಆ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಬದುಕಿದವಳು ಅವಳೊಬ್ಬಳು. ಮೊದಲ ಸಲ ಓದಿದಾಗ ನಾನು ಇವಳನ್ನು ಸಹನೆಯ ಮೂರ್ತಿ ಅಂದುಕೊಂಡಿದ್ದೆ. ಈಚೆಗೆ ಓದಿದಾಗ ಬೇರೆ ಅನ್ನಿಸಿತು. ಅವಳಿಗೆ ಆ ಕಿರುಚಾಟದಲ್ಲಿ ಮಾತಾಡಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ಮಾತು ಜಾಸ್ತಿಯಾದ ಮನೆಯಲ್ಲೂ ಹೇಳಬೇಕಾದ್ದನ್ನು ಹೇಳಲು ಜಾಗ ಇರುವುದಿಲ್ಲ. ಹಾಗೆ ನೋಡಿದರೆ ನನ್ನ ಥಿಯರಿ ಉಳಿಯುತ್ತೆ ಅಂತ ಈಗ ನಿಮಗೆ ಹೇಳಿ ಪಾರಾಗಬಹುದು. ನಿಜ ಹೇಳಬೇಕೆಂದರೆ ಪೂರ್ತಿ ಉಳಿಯುವುದಿಲ್ಲ. ಗಂಗಮ್ಮನಂಥ ಅತ್ತೆ, ಚೆನ್ನಿಗರಾಯನಂಥ ಗಂಡ ಇದ್ದರೆ ಎಂಥ ಮಾತು ಆಡಿದರೂ ಮನೆ ನಿಲ್ಲುವುದಿಲ್ಲ. ಅದರ ಮೇಲೆ ಪ್ಲೇಗ್ ಬೇರೆ. ಮಗಳು ಪಾರ್ವತಿ, ಮಗ ರಾಮಣ್ಣ ಹೋಗುತ್ತಾರೆ. ಆಮೇಲೆ ನಂಜಮ್ಮನೂ ಹೋಗುತ್ತಾಳೆ. ಭೈರಪ್ಪನವರ ಬಾಲ್ಯದ ಸಾವುಗಳು ಇದರ ಹಿಂದಿವೆ ಅಂತ ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಗೊತ್ತು.

ಕೊನೆಗೆ ಉಳಿದ ಹುಡುಗ ವಿಶ್ವನನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಯಾರು? ಅಪ್ಪನಲ್ಲ. ಬೇರೆ ಜಾತಿಯ ಮಾದೇವಯ್ಯನವರು. ಭಜನೆ ಹಾಡಿಕೊಂಡು, ಭಿಕ್ಷೆ ಎತ್ತಿಕೊಂಡು ಇರುವ ಅಯ್ಯ. ನನ್ನ ಥಿ​ಯರಿಯ ಅರ್ಧವಾದರೂ ಅಲ್ಲಿ ಬದುಕಿಕೊಳ್ಳುತ್ತದೆ.

(ಇಷ್ಟೊತ್ತಿಗೆ ಕರೆಂಟ್ ಹೋಯಿತು. ಹಿಂದಿನ ಸಾಲಿನವರು ಇಲ್ಲಿಂದ ಓದಿಕೊಳ್ಳಬಹುದು.)

ದೇವನೂರ ಮಹಾದೇವರ 'ಒಡಲಾಳ' ಇದಕ್ಕೆ ತಿರುಗಾಮುರುಗಾ. ಸಾಕವ್ವನ ಮನೆಯಲ್ಲಿಯೂ ಕಿತ್ತಾಟ ಕಮ್ಮಿಯಿಲ್ಲ. ಮಕ್ಕಳು, ಸೊಸೆಯರು, ಒಬ್ಬರ ಮೇಲೊಬ್ಬರು ಹರಿಹಾಯುತ್ತಾರೆ. ಸಾಕವ್ವನ ಹುಂಜ ಬೇರೆ ಕಾಣೆಯಾಗಿದೆ, ಅದನ್ನು ಹುಡುಕಿಕೊಂಡು ಅವಳು ಅಲೆಯುತ್ತಿದ್ದಾಳೆ. ಹೀಗಿರುವಾಗ ಒಂದು ರಾತ್ರಿ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಮನೆಗೆ ಬರುತ್ತದೆ. ಕದ್ದ ಮಾಲು. ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ಸುಟ್ಟುಕೊಂಡು ತಿನ್ನುತ್ತಾರೆ. ಮಕ್ಕಳು, ಮುದುಕಿ, ಬೆಳಗ್ಗೆ ಜಗಳವಾಡಿದವರು, ಎಲ್ಲ. ಸಿಪ್ಪೆ ಬೆಂಕಿಗೆ. ಬೆಳಗಾಗುವಷ್ಟರಲ್ಲಿ ಒಂದು ಸಿಪ್ಪೆಯೂ ಉಳಿಯಬಾರದು. ಪೊಲೀಸರು ಬರುತ್ತಾರೆ.

ಇಲ್ಲಿಯೂ ಒಂದು ಗುಟ್ಟಿದೆ, ನುಂಗಿದ್ದೂ ಇದೆ. ಆದರೆ ಎಲ್ಲರೂ ಸೇರಿ ನುಂಗಿದ್ದು. ಆ ರಾತ್ರಿಯ ಮಟ್ಟಿಗೆ ಆ ಮನೆಗಿಂತ ಗಟ್ಟಿ ಮನೆ ನಾನು ಕನ್ನಡದಲ್ಲಿ ಓದಿಲ್ಲ. ಹಸಿವು ಇಲ್ಲದವರು ಮನೆ ಒಡೆಯಿತು ಅಂತ ಅಳುವಾಗ ಈ ಕಡಲೆಕಾಯಿ ವಾಸನೆ ನನಗೆ ನೆನಪಾಗುತ್ತೆ. ನಮ್ಮ ಮನೆ ಪಾಲಾದಾಗ ಎರಡು ಕಡೆಯೂ ಊಟಕ್ಕೆ ಕೊರತೆ ಇರಲಿಲ್ಲ ಅನ್ನುವುದೂ ನೆನಪಾಗುತ್ತೆ.

ಹಸಿವಿನಿಂದ ದುಡ್ಡಿಗೆ ಬಂದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬಂದದ್ದು 2013ರಲ್ಲಿ. ತೆಳ್ಳಗಿನ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತೆ, ಆಮೇಲೆ ಬಿಡುವುದಿಲ್ಲ. ಕಥೆ ಹೇಳುವವನಿಗೆ ಹೆಸರಿಲ್ಲ. ಕಾಫಿ ಹೌಸಿನಲ್ಲಿ ಕೂತಿರುತ್ತಾನೆ, ವೇಟರ್ ವಿನ್ಸೆಂಟ್‌ನ ಮಾತಿಗೆ ಕಾಯುತ್ತಿರುತ್ತಾನೆ. ಮೊದಲು ಇವರದು ಬಡ ಮನೆ, ಇರುವೆ ಕಾಟದ ಇಕ್ಕಟ್ಟಿನ ಮನೆ. ಇದ್ದಷ್ಟರಲ್ಲಿ ಎಲ್ಲರೂ ಒಟ್ಟಿಗೆ ಇದ್ದರು. ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರು ಮಾಡಿದ, ದುಡ್ಡು ಬಂತು, ದೊಡ್ಡ ಮನೆ ಬಂತು. ದುಡಿಯುವವನು ಚಿಕ್ಕಪ್ಪ ಒಬ್ಬ, ಉಳಿದವರೆಲ್ಲ ಅವನ ಸುತ್ತ. ಅವನ ಟೀ, ಅವನ ಊಟ, ಅವನ ಮೂಡು.

ಒಂದು ದಿನ ಬಾಗಿಲಿಗೆ ಹೆಂಗಸೊಬ್ಬಳು ಬರುತ್ತಾಳೆ. ಚಿಕ್ಕಪ್ಪನಿಗೆ ಇಷ್ಟ ಅಂತ ಮಸೂರ್ ಬೇಳೆ ಅಡುಗೆ ಮಾಡಿ ತಂದಿದ್ದಾಳೆ. ಅಷ್ಟೇ ಅವಳ ತಪ್ಪು. ಮನೆಯ ಅಮ್ಮ, ಮಗಳು ಸೇರಿ ಅವಳನ್ನು ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ. ಕಥೆ ಹೇಳುವವನು ನೋಡುತ್ತಾ ನಿಂತಿದ್ದಾನೆ. ಇಡೀ ಪುಸ್ತಕದಲ್ಲಿ ಇವನು ಮಾಡುವ ಕೆಲಸ ಅದೊಂದೇ, ನೋಡುತ್ತಾ ನಿಲ್ಲುವುದು. ಗಂಗಮ್ಮನ ಬೈಗುಳಕ್ಕೆ ಇಲ್ಲದ ಹೆದರಿಕೆ ನನಗೆ ಈ ಸಂಸಾರದ ಒಗ್ಗಟ್ಟಿಗೆ ಆಗುತ್ತೆ. ಯಾಕಂದರೆ ಇವರು ನಮ್ಮ ಹಾಗೇ ಇದ್ದಾರೆ. ನಗುತ್ತಾರೆ, ಟೀ ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ.

ಆ ಮನೆಯಲ್ಲಿ ನೇರವಾಗಿ ಪ್ರಶ್ನೆ ಕೇಳುವವಳು ಅನಿತಾ. ಕಥೆ ಹೇಳುವವನ ಹೆಂಡತಿ, ಅವಳೂ ಸೊಸೆ. ನೀನು ಯಾವ ಕೆಲಸಕ್ಕೆ ಸಂಬಳ ತಗೊಳ್ತೀಯ ಅಂತ ಗಂಡನ ಬೆನ್ನುಬೀಳುತ್ತಾಳೆ. ಪುಸ್ತಕದ ಹೆಸರು ಅವಳ ತವರಿನದ್ದು. ಗಾಳಿಪಟದ ದಾರ ಬಿಡಿಸಲಾರದಷ್ಟು ಸಿಕ್ಕಾದಾಗ ಅವಳು ಮತ್ತು ಅವಳ ತಮ್ಮ ಚಿಕ್ಕಂದಿನಲ್ಲಿ ಹುಟ್ಟಿಸಿಕೊಂಡ ಮಾತು ಅದು, ಬೇರೆ ಯಾರಿಗೂ ಅರ್ಥವಿಲ್ಲ. ಪ್ರತಿ ಮನೆಯಲ್ಲೂ ಇಂಥ ಒಂದು ಮಾತು ಇರುತ್ತೆ ಅಲ್ವಾ? ನಮ್ಮ ಮನೆಯಲ್ಲಿ 'ಮೂವತ್ತೊಂದು' ಅಂದರೆ ಉಪವಾಸ ಅಂತ. ಮಕ್ಕಳು ನಾವು ಊಟ ಬೇಡ ಅನ್ನುವುದಕ್ಕೆ, ನಂಗೆ ಇವತ್ತು ಮೂವತ್ತೊಂದು ಅನ್ನುತ್ತಿದ್ದೆವು. ಅಜ್ಜಿಯ ಎದುರಿಗೇ.

ಅನಿತಾ ಹೈದರಾಬಾದಿಗೆ ಹೋದವಳು ವಾಪಸು ಬಂದಿಲ್ಲ ಅನ್ನುವಲ್ಲಿಗೆ ಶಾನಭಾಗರು ನಿಲ್ಲಿಸುತ್ತಾರೆ. ಏನಾಯಿತು ಅಂತ ಹೇಳುವುದಿಲ್ಲ. ಓದುವವನಿಗೆ ಅನುಮಾನ ಬಂದೇ ಬರುತ್ತೆ. ಆ ಅನುಮಾನವನ್ನು ಬಾಯಿಬಿಟ್ಟು ಹೇಳಿದರೆ ನಾವೂ ಒಳ್ಳೆಯವರಾಗಿ ಉಳಿಯುವುದಿಲ್ಲ ಅನ್ನುವ ಹಾಗೆ ಬರೆದಿದ್ದಾರೆ.

ಯಾಕೆ ಈ ಕೆಲಸ ಯಾವಾಗಲೂ ಸೊಸೆಯ ಪಾಲಿಗೆ ಬರುತ್ತೆ? ನನಗೆ ತೋಚುವ ಕಾರಣ ಸರಳ. ಹುಟ್ಟಿದ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ. ಹೊಸದಾಗಿ ಒಳಗೆ ಬಂದವರಿಗೆ ಮೂಗಿಗೆ ಹೊಡೆಯುತ್ತೆ. ಸೊಸೆಗೆ ಒಂದು ಮನೆ ಹೇಗಿರುತ್ತೆ ಅಂತ ಇನ್ನೊಂದು ಲೆಕ್ಕ ಇರುತ್ತೆ, ಅವಳು ಹೋಲಿಸಿ ನೋಡುತ್ತಾಳೆ. ಮಗಳಿಗೆ, ಮಗನಿಗೆ ಹೋಲಿಸಲು ಬೇರೆ ಮನೆಯೇ ಇಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಿತು. ಪ್ರಶ್ನೆ ಕೇಳಿ ಅಂದೆ. ಒಬ್ಬರು ಎದ್ದು ರಾಮಾಯಣ ಯಾಕೆ ತಗೊಳ್ಳಲಿಲ್ಲ ಅಂದರು. ಅದಕ್ಕೆ ಒಂದು ವಾರ ಬೇಕು ಅಂದೆ. ಇನ್ನೊಬ್ಬರು ಎದ್ದವರು ಪ್ರಶ್ನೆ ಕೇಳಲಿಲ್ಲ, ತಮ್ಮ ಅಣ್ಣನ ಮೇಲೆ ಹಾಕಿದ ಕೇಸಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಯಾರೂ ತಡೆಯಲಿಲ್ಲ. ತಡೆಯಬೇಕು ಅಂತ ನನಗೂ ಅನ್ನಿಸಲಿಲ್ಲ.

ಆಮೇಲೆ ಕಿಟಕಿಯ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಕೂತಲ್ಲಿಂದಲೇ ಕೇಳಿದರು.

"ಅಲ್ಲಾ ಸಾರ್, 31ನೇ ತಾರೀಕು ನಿಮ್ಮಜ್ಜೀನ ಊಟಕ್ಕೆ ಯಾರೂ ಕರೀಲೇ ಇಲ್ವಾ?"

"ಕರೀತಿದ್ವಿ ಅಮ್ಮ. ನಮ್ಮಮ್ಮ ನನ್ನನ್ನೇ ಕಳಿಸೋಳು. ಅಜ್ಜಿ, ಬಾ ಊಟಕ್ಕೆ ಅಂತಿದ್ದೆ. ಏಕಾದಶಿ ಕಣೋ ಅಂತಿದ್ಳು."

"ನೀವೇನಂತಿದ್ರಿ?"

"ಸರಿ ಅಂತಿದ್ದೆ."

"ಅವತ್ತು ಏಕಾದಶಿ ಅಲ್ಲ ಅಂತ ಗೊತ್ತಿತ್ತಾ?"

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಏಕಾದಶಿಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವ ಕೆಲಸ ಮನೆಯಲ್ಲಿ ನನ್ನದೇ ಆಗಿತ್ತು.

"ಗೊತ್ತಿತ್ತು" ಅಂದೆ.